ಬಡಗು ಎಂಬ ಮಾತು

ಮಂಗಳೂರಿನಿಂದ ಬಜಪೆಯ ಮಾರ್ಗವಾಗಿ ಕಟೀಲಿಗೆ ಹೋಗತಕ್ಕವರು ನಡುವೆ ಎಕ್ಕಾರನ್ನು ದಾಟಬೇಕು. ಸರಕಾರದ ಲೆಕ್ಕದಲ್ಲಿ ಅದು ಒಂದು ಊರಲ್ಲ, ಎರಡು: ತೆಂಕ ಎಕ್ಕಾರು ಮತ್ತು ಬಡಗ ಎಕ್ಕಾರು. ಮೂಡುಬಿದಿರೆಯ ದಾರಿಯನ್ನು ಹಿಡಿದರೂ ಇದೇ ಜೋಡಿಗಳು ನಮ್ಮನ್ನು ಎದುರುಗೊಳ್ಳುತ್ತವೆ. ತೆಂಕ ಉಳಿಪಾಡಿಗೆ ಬಡಗ ಉಳಿಪಾಡಿ, ತೆಂಕ ಎಡಪದವಿಗೆ ಬಡಗ ಎಡಪದವು, ತೆಂಕ ಮಿಜಾರಿಗೆ ಬಡಗ ಮಿಜಾರು. ಬಂಟವಾಳದ ಕಡೆಗೆ ತಿರುಗಿದರೆ ಬೆಳ್ಳೂರು ಎರಡು, ಕಜೆಕಾರು ಎರಡು. ಉಡುಪಿಯ ಸೀಮೆಯಲ್ಲಿ ಇದೇ ಮಾತು ಇನ್ನಷ್ಟು ಸವೆದು ‘ಬಡಾ’ ಎಂದಾಗಿದೆ. ಬಡಾ ಎರ್ಮಾಳು, ಬಡಾನಿಡಿಯೂರು ಎಂಬ ಹೆಸರುಗಳನ್ನು ಕೇಳದವರು ಅಲ್ಲಿ ವಿರಳ. ಉಡುಪಿಯ ಪಟ್ಟಣದೊಳಗೇ ತೆಂಕಪೇಟೆ, ಬಡಗುಪೇಟೆಗಳಿವೆ. ಇನ್ನು ಬಡಗುಬೆಟ್ಟು ಎಂಬ ಊರಂತೂ ಅಲ್ಲಿ ಒಂದಕ್ಕಿಂತ ಹೆಚ್ಚಾಗಿ, ಕಂದಾಯದವರು ೭೬ ಬಡಗುಬೆಟ್ಟು, ೮೦ ಬಡಗುಬೆಟ್ಟು ಎಂದು ಅಂಕೆಗಳನ್ನು ಹಚ್ಚಿ ಗುರುತಿಸಬೇಕಾಗಿ ಬಂದಿದೆ.

ಈ ಬಡಗು ಎಂದರೇನು? ಹಳ್ಳಿಯಲ್ಲಿ ಹುಟ್ಟಿ ಬೆಳೆದವನಿಗೆ ಇದೊಂದು ಪ್ರಶ್ನೆಯೇ ಅಲ್ಲ. ತುಳುವಿನಲ್ಲಿ ಆತನು ಮೂಡಾಯಿ, ಪಡ್ಡಾಯಿ, ತೆನ್ಕಾಯಿ, ಬಡಕಾಯಿ ಎಂದು ದಿನವೂ ಹೇಳುತ್ತಲೇ ಇರುತ್ತಾನೆ. ಆದರೆ ಪಟ್ಟಣದಲ್ಲಿ ಓದಿದ ನಮ್ಮಂಥವರಿಗೆ ಪೂರ್ವ, ಪಶ್ಚಿಮ, ಉತ್ತರ, ದಕ್ಷಿಣಗಳೇ ರೂಢಿಯಾಗಿ ಹೋಗಿರುವುದರಿಂದ, ಬಡಗ ಎಂಬ ಮಾತು ಕಿವಿಗೆ ಬಿದ್ದೊಡನೆ ಮನಸ್ಸು ಬೇರೆಡೆಗೆ ಹರಿಯುತ್ತದೆ. ಬಡಗ ಎಕ್ಕಾರು ಎಂದರೆ ಬಡವರ ಎಕ್ಕಾರು ಎಂದು ಒಬ್ಬರು. ಅಲ್ಲ, ಮರಗೆಲಸದ ಬಡಗಿಗಳು ನೆಲೆಸಿದ ಊರು ಎಂದು ಇನ್ನೊಬ್ಬರು. ಎರಡೂ ಕೇಳುವುದಕ್ಕೆ ಸೊಗಸಾಗಿವೆ, ಎರಡೂ ನಿಲ್ಲತಕ್ಕವಲ್ಲ. ಬಡಗಿ ಎಂಬುದು ಸಂಸ್ಕೃತದ ವರ್ಧಕಿ ಎಂಬ ಶಬ್ದವು ಪ್ರಾಕೃತದ ಮೂಲಕ ನಮ್ಮ ಬಳಿಗೆ ಬಂದ ರೂಪ. ಅದಕ್ಕೂ ದಿಕ್ಕಿಗೂ ಸಂಬಂಧವಿಲ್ಲ. ಬಡತನದ ಬಡ ಎಂಬುದು ಕೃಶವಾದದ್ದು, ಸೊರಗಿದ್ದು ಎಂಬರ್ಥದ ಬೇರೊಂದು ಮಾತು. ಬಡಗ ಎಂಬುದೇ ಬಡತನದ ಗುರುತಾಗಿದ್ದರೆ, ಅದರ ಪಕ್ಕದಲ್ಲಿಯೇ ತಪ್ಪದೆ ಒಂದು ತೆಂಕ ಏಕೆ ಬರಬೇಕು? ಸಿರಿವಂತರ ಎಕ್ಕಾರು ಎಂಬುದೊಂದು ಇರಬೇಕಾಗಿತ್ತಲ್ಲವೇ? ಪುರಾಣವನ್ನು ನಂಬುವುದಾದರೆ ಬಡಗಣ ದಿಕ್ಕು ಕುಬೇರನದು. ಸಂಪತ್ತಿನ ಒಡೆಯನ ದಿಕ್ಕಿಗೆ ನಾವು ಬಡತನವನ್ನು ಅಂಟಿಸಿದೆವೆಂದರೆ ಆತನು ನಕ್ಕಾನು.

ಬಡಗು ಎಂದರೆ ಉತ್ತರ ದಿಕ್ಕು, ಅಷ್ಟೇ. ಆದರೆ ಈ ‘ಅಷ್ಟೇ’ ಎಂಬುದರ ಹಿಂದೆ ಸಾಕಷ್ಟು ಚರಿತ್ರೆ ಇದೆ.

ಮೊದಲು ಮಾತಿನ ಬಂಧುಬಳಗವನ್ನು ನೋಡೋಣ. ಇದಕ್ಕೆ ಮಂಗಳೂರಿಗಿಂತ ತಕ್ಕ ಸ್ಥಳವಿಲ್ಲ. ೧೮೩೪ರಲ್ಲಿ ಇಲ್ಲಿಗೆ ಬಂದ ಬಾಸೆಲ್ ಮಿಶನ್ನಿನವರು ಬಲ್ಮಠದಲ್ಲಿ ನಡೆಸಿದ ಅಚ್ಚುಕೂಟದ ಹೆಸರು ಕನ್ನಡಿಗರೆಲ್ಲರಿಗೂ ಪರಿಚಿತವಾದದ್ದು. ಗುಂಡರ್ಟರ ಮಲಯಾಳ ನಿಘಂಟು ೧೮೭೨ರಲ್ಲಿಯೂ, ಮ್ಯಾನರರ ತುಳು ನಿಘಂಟು ೧೮೮೬ರಲ್ಲಿಯೂ, ಕಿಟ್ಟೆಲರ ಕನ್ನಡ ನಿಘಂಟು ೧೮೯೪ರಲ್ಲಿಯೂ ಮಂಗಳೂರಿನಿಂದಲೇ ಹೊರಟವು. ಇಪ್ಪತ್ತೆರಡು ವರ್ಷಗಳ ಅವಧಿಯಲ್ಲಿ ಒಂದೇ ಊರಿನಿಂದ ಮೂರು ಭಾಷೆಗಳ ಮಹಾನಿಘಂಟುಗಳು ಹೊರಬಂದುದು ಸಾಮಾನ್ಯವಾದ ಸಂಗತಿಯಲ್ಲ. ಈ ಮೂರನ್ನೂ ಒಂದೇ ಮೇಜಿನ ಮೇಲೆ ತೆರೆದಿಟ್ಟರೆ ನಮ್ಮ ಮಾತಿನ ವಂಶವೃಕ್ಷ ಅರ್ಧ ಬರೆದಂತೆಯೇ ಆಯಿತು: ಮಲಯಾಳದ ವಡಕ್ಕು, ತುಳುವಿನ ಬಡಕಾಯಿ, ಕನ್ನಡದ ಬಡಗು, ಬಡಗಲು, ಬಡಗಣ. ಇವುಗಳಿಗೆ ತಮಿಳಿನ ವಡ, ವಡಕ್ಕು ಎಂಬವುಗಳನ್ನು ಸೇರಿಸಿದರೆ ಕುಟುಂಬದ ಮುಖ್ಯ ಮಂದಿಯೆಲ್ಲ ಬಂದು ಕುಳಿತಂತಾಗುತ್ತದೆ. ೧೯೬೧ರಲ್ಲಿ ಬರೋ ಮತ್ತು ಎಮೆನೋ ಎಂಬ ವಿದ್ವಾಂಸರು ಹೊರತಂದ ದ್ರಾವಿಡ ಭಾಷೆಗಳ ಜ್ಞಾತಿಪದಕೋಶದಲ್ಲಿ ಇವೆಲ್ಲವೂ ಒಂದೇ ಗುಂಪಿನಲ್ಲಿವೆ.

ತಮಿಳು, ಮಲಯಾಳಗಳಲ್ಲಿ ವಕಾರವೂ ಕನ್ನಡ, ತುಳುಗಳಲ್ಲಿ ಬಕಾರವೂ ಇರುವುದು ಆಕಸ್ಮಿಕವಲ್ಲ. ಪದದ ಮೊದಲಲ್ಲಿ ಬರುವ ಹಳೆಯ ವಕಾರವು ಕನ್ನಡದಲ್ಲಿ ಬಕಾರವಾಗುವುದು ನಿಯಮ. ತಮಿಳಿನ ವಿಲ್ಲು ನಮ್ಮಲ್ಲಿ ಬಿಲ್ಲು. ಅಲ್ಲಿಯ ವೇರು ನಮ್ಮಲ್ಲಿ ಬೇರು. ವಾಯ್ ಎಂಬುದು ನಮ್ಮ ಬಾಯಿ. ಈ ಮಾರ್ಪಾಟು ತೀರ ಹಳೆಯದು. ಸುಮಾರು ೪೫೦ರದೆಂದು ಎಣಿಸುವ ಹಲ್ಮಿಡಿಯ ಶಾಸನದಲ್ಲಿಯೇ ‘ಬಾಳ್ಗೞ್ಚು’ ಎಂಬ ಶಬ್ದವಿದೆ. ಅದರ ಬಾಳ್ ಎಂಬುದು ತಮಿಳಿನ ವಾಳ್, ಅಂದರೆ ಕತ್ತಿ. ಆದುದರಿಂದ ಹಲ್ಮಿಡಿಯ ಕಾಲಕ್ಕೆ ಕನ್ನಡಿಗರು ಬಡಗು ಎಂದೇ ನುಡಿಯುತ್ತಿದ್ದರೆಂದು ಊಹಿಸುವುದರಲ್ಲಿ ತಪ್ಪಿಲ್ಲ. ಈ ಬಕಾರವನ್ನು ಕೇಳುಗರು ನೆನಪಿನಲ್ಲಿಟ್ಟಿರಬೇಕು. ಮುಂದೆ ಒಂದು ವಿವಾದದಲ್ಲಿ ಅದು ಸಾಕ್ಷಿ ಹೇಳಲು ಬರುತ್ತದೆ.

ವಡ ಎಂಬ ಧಾತುವಿಗೆ ಮೂಲದಲ್ಲಿ ಏನರ್ಥವಿತ್ತು? ಇಲ್ಲಿ ಒಂದು ಊಹೆ ಬಹಳ ದಿನಗಳಿಂದ ಬಳಕೆಯಲ್ಲಿದೆ. ತಮಿಳಿನಲ್ಲಿ ಬಡಗಣ ಗಾಳಿಗೆ ವಾಡೈ ಎಂದು ಹೆಸರು. ಬಾಡುವುದಕ್ಕೆ ವಾಡು ಎಂಬ ಧಾತು. ಚಳಿಗಾಲದಲ್ಲಿ ಬಡಗಣಿಂದ ಬೀಸುವ ಒಣಗಾಳಿ ಹಸುರನ್ನು ಬಾಡಿಸುತ್ತದೆ; ಬಾಡಿಸುವ ಗಾಳಿಯ ದಿಕ್ಕೇ ವಡಕ್ಕು ಆಯಿತು ಎಂಬುದು ಆ ಊಹೆ. ಇದನ್ನು ನಾನು ಅರ್ಧ ಮಾತ್ರ ಒಪ್ಪುತ್ತೇನೆ. ಗಾಳಿಯಿಂದ ದಿಕ್ಕಿಗೆ ಹೆಸರು ಬರಬಹುದಾದಂತೆ ದಿಕ್ಕಿನಿಂದ ಗಾಳಿಗೂ ಬರಬಹುದು. ಆದರೆ ತಮಿಳು ಕವಿಗಳ ಮನಸ್ಸಿನಲ್ಲಿ ಬಡಗಣ ಗಾಳಿಗೆ ವಿರಹದ ನೋವು ಅಂಟಿಕೊಂಡಿದ್ದುದು ನಿಜ. ಸಂಘಕಾಲದ ಹತ್ತು ದೊಡ್ಡ ಹಾಡುಗಳಲ್ಲಿ ಒಂದಾದ ನೆಡುನಲ್‌ವಾಡೈ ಎಂಬ ಕಾವ್ಯದ ಹೆಸರಿನಲ್ಲಿಯೇ ಈ ಗಾಳಿ ಇದೆ. ದಂಡಿನ ಬೀಡಿನಲ್ಲಿರುವ ಪಾಂಡ್ಯ ಅರಸನೂ ಅರಮನೆಯಲ್ಲಿ ಕಾಯುತ್ತಿರುವ ರಾಣಿಯೂ ಅಲ್ಲಿಯ ವಸ್ತು. ನಮ್ಮ ಪಂಪನಿಗೆ ಬೇಕಾದುದು ಇದಕ್ಕೆ ಎದುರಾದ ಗಾಳಿ. ೯೪೧ರ ವಿಕ್ರಮಾರ್ಜುನ ವಿಜಯದಲ್ಲಿ ಬನವಾಸಿಯ ನೆನಪನ್ನು ಎಬ್ಬಿಸತಕ್ಕವುಗಳನ್ನು ಹೇಳುವಾಗ ಆತನು ತೆಂಕಣ ಗಾಳಿಯನ್ನು ಮುಂದಿಡುತ್ತಾನೆ. ಒಬ್ಬರಿಗೆ ಬಡಗು ಅಗಲಿಕೆ, ಇನ್ನೊಬ್ಬರಿಗೆ ತೆಂಕು ತವರು.

ಉಳಿದ ದಿಕ್ಕುಗಳ ಸಂಗತಿ ಇಷ್ಟು ಮಬ್ಬಾಗಿಲ್ಲ. ಸೂರ್ಯನು ಮೂಡುವ ಕಡೆ ಮೂಡು, ಪಡುವ ಕಡೆ ಪಡು. ಪಡುಬಿದ್ರಿ ಕಡಲ ಬದಿಯಲ್ಲಿದೆ, ಮೂಡುಬಿದಿರೆ ಒಳನಾಡಿನಲ್ಲಿದೆ. ಮಂಗಳೂರಿನ ಮಗ್ಗುಲಲ್ಲಿಯೇ ಮೂಡುಶೆಡ್ಡೆ, ಪಡುಶೆಡ್ಡೆಗಳೂ ಮೂಡುಪೆರಾರ, ಪಡುಪೆರಾರಗಳೂ ಇವೆ. ತಮಿಳರು ಮಾತ್ರ ಇಲ್ಲಿ ಸೂರ್ಯನನ್ನು ಬಿಟ್ಟು ನೆಲವನ್ನು ನೋಡಿದರು. ಅವರಿಗೆ ಮೂಡಣ ದಿಕ್ಕು ಕಿೞಕ್ಕು, ಅಂದರೆ ಕೆಳಗಿನದು. ಪಡುವಣ ದಿಕ್ಕು ಮೇಱ್ಕು, ಅಂದರೆ ಮೇಲಿನದು. ಘಟ್ಟದ ಮೂಡಲಿಗಿರುವ ನಾಡಿನಲ್ಲಿ ನೆಲವು ಪಡುವಲಿಗೆ ಏರಿ ಮೂಡಲಿಗೆ ಇಳಿಯುವುದರಿಂದ ಇದು ಸರಿಯಾಗಿಯೇ ಇದೆ. ಸೋಜಿಗವಾಗಿರುವುದು ಮಲಯಾಳದ ಸ್ಥಿತಿ. ಕೇರಳದಲ್ಲಿ ಮೂಡಣ ದಿಕ್ಕೆಂದರೆ ಮುಗಿಲು ಮುಟ್ಟುವ ಘಟ್ಟ. ಆದರೂ ಅಲ್ಲಿಯ ಜನರು ಆ ದಿಕ್ಕನ್ನು ಕಿೞಕ್ಕು, ಕೆಳಗಿನದು, ಎಂದೇ ಕರೆಯುತ್ತಾರೆ. ಘಟ್ಟದ ಆಚೆಯಿಂದ ಬಂದ ಮಾತನ್ನು ಅವರು ಈಚೆಯ ನೆಲದಲ್ಲಿಯೂ ಬಿಡಲಿಲ್ಲ. ೧೮೫೬ರಲ್ಲಿ ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣವನ್ನು ಬರೆದ ಕಾಲ್ಡ್‌ವೆಲ್ಲರು ಈ ಒಂದು ಶಬ್ದವನ್ನು ಹಿಡಿದು ಮಲಯಾಳವು ತಮಿಳು ಬಯಲಿನಿಂದ ಘಟ್ಟವನ್ನು ದಾಟಿ ಬಂದಿತೆಂದು ವಾದಿಸಿದರು. ಕಲ್ಲಿನ ಶಾಸನವಿಲ್ಲದ ಕಡೆ ಶಬ್ದವೇ ಶಾಸನವಾಗುವ ಬಗೆ ಇದು. ಕನ್ನಡ, ತುಳುಗಳಿಗೆ ಈ ತೊಡಕು ಒದಗಲಿಲ್ಲ. ಸೂರ್ಯನು ಘಟ್ಟದ ಮೇಲೆಯೂ ಕೆಳಗೆಯೂ ಒಂದೇ ಕಡೆ ಮೂಡುತ್ತಾನಷ್ಟೆ. ಹೀಗೆ ಮೂಡು, ಪಡುಗಳ ವಿಷಯದಲ್ಲಿ ನೆರೆಹೊರೆಯ ಭಾಷೆಗಳು ಬೇರೆ ಬೇರೆ ದಾರಿ ಹಿಡಿದಿದ್ದರೂ ತೆಂಕು, ಬಡಗುಗಳ ವಿಷಯದಲ್ಲಿ ಎಲ್ಲವೂ ಒಂದಾಗಿವೆ. ಈ ಎರಡು ಮಾತುಗಳು ಅವು ಕವಲೊಡೆಯುವುದಕ್ಕೆ ಮೊದಲಿನ ಆಸ್ತಿ ಎಂಬುದು ಇದರಿಂದ ತಿಳಿಯುತ್ತದೆ.

ಸಂಸ್ಕೃತದ ಉತ್ತರವು ಇನ್ನೊಂದು ಬಗೆಯದು. ಉತ್ ಎಂದರೆ ಮೇಲೆ. ಉತ್ತರ ಎಂದರೆ ಹೆಚ್ಚು ಮೇಲಿನದು. ಹಿಮಾಲಯವನ್ನು ನೋಡುತ್ತ ಬಾಳಿದ ಜನರಿಗೆ ಆ ದಿಕ್ಕು ಎತ್ತರದ ದಿಕ್ಕಾದುದು ಸಹಜ. ಮೇಲಿನದು ಎಂಬುದರಿಂದ ಅನಂತರದ್ದು ಎಂಬ ಅರ್ಥವೂ, ಪ್ರಶ್ನೆಯ ಅನಂತರ ಬರತಕ್ಕ ಮಾತು ಎಂಬ ಅರ್ಥವೂ ಹುಟ್ಟಿದುವು. ಹೀಗಾಗಿ ಉತ್ತರ ಎಂಬ ಒಂದೇ ಮಾತಿನಲ್ಲಿ ನಾವು ದಿಕ್ಕನ್ನೂ ಹೇಳುತ್ತೇವೆ, ಪರೀಕ್ಷೆಯ ಕಾಗದವನ್ನೂ ತುಂಬುತ್ತೇವೆ. ಬಡಗಿಗೆ ಇಂಥ ಸಂಸಾರವಿಲ್ಲ. ಅದು ಹುಟ್ಟಿದಂದಿನಿಂದ ದಿಕ್ಕಿನ ಕೆಲಸವನ್ನೇ ಮಾಡಿಕೊಂಡು ಬಂದಿದೆ. ಅರಸರ ಬಿರುದುಗಳಲ್ಲಿ ಉತ್ತರವೇ ಮೆರೆಯಿತು. ಬಾದಾಮಿಯ ಚಾಲುಕ್ಯರ ತಾಮ್ರಪಟಗಳು ಇಮ್ಮಡಿ ಪುಲಕೇಶಿಯಿಂದ ಸೋತ ಹರ್ಷವರ್ಧನನನ್ನು ಸಕಲ ಉತ್ತರಾಪಥದ ಒಡೆಯನೆಂದು ಬಣ್ಣಿಸುತ್ತವೆ. ಸೋತವನು ದೊಡ್ಡವನಾದಷ್ಟೂ ಗೆದ್ದವನ ಕೀರ್ತಿ ಹೆಚ್ಚಲ್ಲವೇ! ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ಕಾವ್ಯದ ಎರಡು ಬಗೆಗಳನ್ನು ಉತ್ತರಮಾರ್ಗ, ದಕ್ಷಿಣಮಾರ್ಗ ಎಂದು ಹೆಸರಿಸಿತು. ಆದರೆ ನೆಲವನ್ನು ಅಳೆದು ಎಲ್ಲೆಗಟ್ಟು ಹೇಳಬೇಕಾದಲ್ಲಿ ಶಾಸನದವರು ಸಂಸ್ಕೃತವನ್ನು ಪಕ್ಕಕ್ಕಿಟ್ಟು ಮೂಡಲು, ತೆಂಕಲು, ಪಡುವಲು, ಬಡಗಲು ಎಂದು ಕನ್ನಡಕ್ಕೇ ಬಂದರು. ಗದ್ದೆಯ ಬದುವಿನ ಜಗಳವನ್ನು ತೀರಿಸಬೇಕಾದ ಮಾತು ಗದ್ದೆಯವನಿಗೆ ತಿಳಿಯತಕ್ಕದ್ದಾಗಿರಬೇಕು.

ಇಲ್ಲಿಂದ ಮುಂದೆ ಮಾತು ದಿಕ್ಕನ್ನು ಬಿಟ್ಟು ಜನರನ್ನು ಹಿಡಿಯುತ್ತದೆ. ತೊಲ್ಕಾಪ್ಪಿಯದ ಪೀಠಿಕೆಯು ತಮಿಳುನಾಡಿನ ಎಲ್ಲೆಗಳನ್ನು ಹೇಳುವಾಗ ಬಡಗಲಿಗೆ ವೇಂಗಡ, ಅಂದರೆ ತಿರುಪತಿಯ ಬೆಟ್ಟ, ತೆಂಕಲಿಗೆ ಕುಮರಿ ಎನ್ನುತ್ತದೆ. ಆ ವೇಂಗಡದ ಆಚೆಯವರೆಲ್ಲ ತಮಿಳರಿಗೆ ವಡುಗರು. ಸಂಘಕಾಲದ ಹಾಡುಗಳಲ್ಲಿ ಈ ಹೆಸರು ಬರುತ್ತದೆ. ಮುಂದೆ ಅದು ಮುಖ್ಯವಾಗಿ ತೆಲುಗರಿಗೆ ನಿಂತಿತು. ಸಂಸ್ಕೃತವು ಅವರಿಗೆ ವಡಮೊೞಿ, ಬಡಗಣ ನುಡಿ. ಸಂಸ್ಕೃತದಿಂದ ಬಂದ ಶಬ್ದವು ತೊಲ್ಕಾಪ್ಪಿಯದ ಪರಿಭಾಷೆಯಲ್ಲಿ ವಡಸೊಲ್. ಶ್ರೀವೈಷ್ಣವರಲ್ಲಿ ವಡಗಲೈ, ತೆಂಗಲೈ ಎಂಬ ಎರಡು ಪಂಗಡಗಳಾದಾಗಲೂ ದಿಕ್ಕೇ ವಿದ್ಯೆಯ ಹೆಸರಾಯಿತು: ಕಂಚಿಯ ಕಡೆಯ ಸಂಸ್ಕೃತಪ್ರಧಾನವಾದ ಕಲೆ ಒಂದು, ಶ್ರೀರಂಗದ ಕಡೆಯ ತಮಿಳು ಪ್ರಬಂಧಗಳ ಕಲೆ ಇನ್ನೊಂದು. ಕನ್ನಡಿಗರು ಸಂಸ್ಕೃತವನ್ನು ಬಡಗನುಡಿ ಎನ್ನಲಿಲ್ಲ, ಸಕ್ಕದ ಎಂದರು. ಸಂಸ್ಕೃತವು ತಮಗೆ ದೂರದ ದಿಕ್ಕಿನದೆಂಬ ಭಾವನೆ ಇಲ್ಲಿ ಅಷ್ಟಾಗಿ ಬೇರೂರಲಿಲ್ಲವೆಂದು ನನಗೆ ತೋರುತ್ತದೆ. ಕೇರಳದಲ್ಲಿಯಾದರೋ ತೆಕ್ಕುಂಕೂರು, ವಡಕ್ಕುಂಕೂರು ಎಂಬ ಎರಡು ರಾಜ್ಯಗಳೇ ಇದ್ದವು. ತ್ರಿಶೂರಿನ ಶಿವನು ವಡಕ್ಕುಂನಾಥನಾಗಿ ಕುಳಿತಿದ್ದಾನೆ. ಕಡತ್ತನಾಡಿನ ವೀರರ ಲಾವಣಿಗಳಿಗೆ ವಡಕ್ಕನ್ ಪಾಟ್ಟುಗಳೆಂದು ಹೆಸರು. ನಮ್ಮ ಮೈಸೂರು ಸೀಮೆಯಲ್ಲಿ ಬಡಗನಾಡು ಎಂಬ ಬ್ರಾಹ್ಮಣ ಪಂಗಡವಿರುವುದನ್ನು ಬಹುಮಂದಿ ಕೇಳುಗರು ಬಲ್ಲರು. ಮೈಸೂರಿನಲ್ಲಿ ನೆಲೆಸಿದವರಿಗೆ ಬಡಗನಾಡಿನ ಹೆಸರು ಏಕೆಂದರೆ, ಅವರ ಹಿರಿಯರು ಬಡಗಣಿಂದ ಬಂದವರು. ಬಡಗಿನಲ್ಲಿಯೇ ಉಳಿದವರಿಗೆ ಆ ಹೆಸರು ಬೇಕಾಗಲಿಲ್ಲ. ಈ ಮಾತನ್ನು ಹೊತ್ತವರು ಸಾಮಾನ್ಯವಾಗಿ ತೆಂಕಿಗೆ ಬಂದವರೇ.

ಇದೇ ತರ್ಕವನ್ನು ಹಿಡಿದು ನೀಲಗಿರಿಗೆ ಹೋಗೋಣ. ಈ ಮಾತಿನ ಚರಿತ್ರೆಯಲ್ಲಿ ಅತ್ಯಂತ ಬೆಲೆಯುಳ್ಳ ಅಧ್ಯಾಯ ಅಲ್ಲಿದೆ. ಉದಕಮಂಡಲ, ಕೂನೂರು, ಕೋತಗಿರಿಗಳ ಸುತ್ತ ಹಟ್ಟಿಗಳಲ್ಲಿ ವಾಸಿಸುವ ಬಡಗರ ನುಡಿಯನ್ನು ಮೈಸೂರಿನವನು ಮೊದಲ ಸಲ ಕೇಳಿದರೆ ಅರ್ಧ ತಿಳಿದಂತೆ, ಅರ್ಧ ಜಾರಿದಂತೆ ಆಗುತ್ತದೆ. ಹಾಲು ಅವರಿಗೂ ಹಾಲೇ. ಊರಿಗೆ ಅವರು ಹಟ್ಟಿ ಎನ್ನುತ್ತಾರೆ. ಅವರು ಪೂಜಿಸುವ ಕುಲದ ಮೂಲಮಾತೆ ಹೆತ್ತೆ. ಅವರ ಸ್ವರಗಳಲ್ಲಿ ಮಾತ್ರ ನಾಲಗೆ ಹಿಂದಕ್ಕೆ ಮಡಿಯುವ ಒಂದು ವಿಶೇಷವಿದೆ; ಅದನ್ನು ಎಮೆನೋ ಅವರು ೧೯೩೯ರಲ್ಲಿ ಒಂದು ಲೇಖನದಲ್ಲಿ ಲೋಕಕ್ಕೆ ತಿಳಿಸಿದರು. ಇದು ಕನ್ನಡದ ಉಪಭಾಷೆಯೋ ಬೇರೆಯೇ ಭಾಷೆಯೋ ಎಂಬ ಚರ್ಚೆ ಮುಗಿದಿಲ್ಲ. ಅದು ಮುಗಿಯದಿದ್ದರೂ ನಮ್ಮ ಕೆಲಸಕ್ಕೆ ಅಡ್ಡಿಯಿಲ್ಲ.

ಬಡಗರು ಹೇಳಿಕೊಳ್ಳುವ ಐತಿಹ್ಯ ಹೀಗಿದೆ. ಮೈಸೂರಿನ ಕಡೆಯ ಬಯಲಿನಲ್ಲಿ ಅವರ ಹಿರಿಯರಿದ್ದರು. ಅಲ್ಲಿಯ ಮುಸಲ್ಮಾನ ದೊರೆಯೊಬ್ಬನು ಆ ಮನೆತನದ ಹೆಣ್ಣುಮಗಳನ್ನು ಬಯಸಿದನು. ಅಣ್ಣತಮ್ಮಂದಿರು ತಂಗಿಯನ್ನು ಕರೆದುಕೊಂಡು ರಾತ್ರೋರಾತ್ರಿ ಬೆಟ್ಟವನ್ನು ಹತ್ತಿದರು. ಈ ಕತೆಯನ್ನು ಹೇಳುವಾಗ ಕೆಲವರು ಆ ದೊರೆ ಟಿಪ್ಪು ಸುಲ್ತಾನನೆಂದೇ ಹೆಸರು ಹಿಡಿದು ಹೇಳುವುದುಂಟು. ಚರಿತ್ರೆ ಇದನ್ನು ಒಪ್ಪುವುದಿಲ್ಲ. ಟಿಪ್ಪು ಪಟ್ಟವೇರಿದುದು ೧೭೮೨ರಲ್ಲಿ. ಅದಕ್ಕೆ ಸುಮಾರು ನೂರ ಎಂಬತ್ತು ವರ್ಷಗಳ ಮೊದಲೇ, ೧೬೦೩ರಲ್ಲಿ, ಇಟಲಿಯ ಜೆಸ್ಯುಯಿಟ್ ಪಾದ್ರಿ ಫೆನಿಚಿಯೊ ಎಂಬಾತನು ಕಲ್ಲಿಕೋಟೆಯ ಕಡೆಯಿಂದ ಕಾಡುದಾರಿಯಲ್ಲಿ ನೀಲಗಿರಿಯನ್ನು ಏರಿ ತೋಡರನ್ನು ಕಂಡು ಬಂದನು. ಮಲೆಯ ಮೇಲೆ ಕಳೆದುಹೋದ ಕ್ರೈಸ್ತರಿದ್ದಾರೆಂಬ ವದಂತಿಯನ್ನು ವಿಚಾರಿಸುವುದು ಆತನ ಉದ್ದೇಶ, ಕ್ರೈಸ್ತರು ಸಿಕ್ಕಲಿಲ್ಲ. ಆದರೆ ಆತನು ಬರೆದಿಟ್ಟ ಕಾಗದದಲ್ಲಿ ತೋಡರೊಡನೆ ಬಡಗರ ಹೆಸರೂ ಇದೆ. ಆ ಹೊತ್ತಿಗಾಗಲೇ ಅವರು ಅಲ್ಲಿ ಊರು ಕಟ್ಟಿಕೊಂಡಿದ್ದರೆಂದಾಯಿತು. ಜನರ ನೆನಪು ಹತ್ತಿರದ ದೊಡ್ಡ ಹೆಸರಿಗೆ ಹಳೆಯ ಕತೆಯನ್ನು ಕಟ್ಟುವುದು ಹೊಸದೇನೂ ಅಲ್ಲ. ನಮ್ಮ ಜಿಲ್ಲೆಯಲ್ಲಿ ಯಾರು ಕಟ್ಟಿಸಿದರೆಂಬುದು ಮರೆತ ಕೋಟೆಗಳೆಲ್ಲ ಟಿಪ್ಪುವಿನವೇ ಆಗಿಬಿಟ್ಟಿಲ್ಲವೇ? ಕತೆಯಲ್ಲಿರುವ ವಲಸೆಯನ್ನು ನಂಬಬಹುದು, ದೊರೆಯ ಹೆಸರನ್ನಲ್ಲ. ೧೫೬೫ರ ತಾಳಿಕೋಟೆಯ ಯುದ್ಧದ ಬಳಿಕ ವಿಜಯನಗರದ ಕಟ್ಟು ಸಡಿಲಿದ ಗೊಂದಲದಲ್ಲಿ ಮೈಸೂರಿನ ತೆಂಕಣ ಅಂಚಿನಿಂದ ಒಕ್ಕಲುಗಳು ಬೆಟ್ಟವನ್ನು ಏರಿದುವೆಂಬುದು ಬಹುಮಂದಿ ವಿದ್ವಾಂಸರ ಮತ. ಒಂದೇ ಸಲಕ್ಕೆ ಎಲ್ಲರೂ ಬಂದರೆನ್ನಬೇಕಾದ್ದಿಲ್ಲ, ಗುಂಪುಗುಂಪಾಗಿ ಬಂದಿರಬಹುದು. ಬಡಗರಲ್ಲಿ ಗೌಡರು, ಹಾರುವರು, ಲಿಂಗವನ್ನು ಕಟ್ಟುವ ಒಡೆಯರು, ತೊರೆಯರು ಮೊದಲಾಗಿ ಬೇರೆ ಬೇರೆ ಪಂಗಡಗಳಿರುವುದು ಇದಕ್ಕೆ ಹೊಂದುತ್ತದೆ.

ಭಾಷೆಯೂ ಇದೇ ದಾರಿಯನ್ನು ತೋರಿಸುತ್ತದೆ. ಹಳಗನ್ನಡದ ಪಾಲು, ಪೂ, ಪಟ್ಟಿ ಎಂಬವು ಸುಮಾರು ಹತ್ತನೆಯ ಶತಮಾನದಿಂದೀಚೆಗೆ ಹಾಲು, ಹೂ, ಹಟ್ಟಿ ಆದುವು. ತಮಿಳಿನಲ್ಲಿಯಾಗಲಿ ತೋಡರ, ಕೋತರ ನುಡಿಗಳಲ್ಲಿಯಾಗಲಿ ಈ ಪಕಾರ ಹಕಾರವಾಗಲಿಲ್ಲ. ಬಡಗರ ಬಾಯಲ್ಲಿ ಹಕಾರವೇ ಇದೆ. ಆದುದರಿಂದ ಅವರು ಕನ್ನಡದ ಒಡನಾಟದಿಂದ ಅಗಲಿದುದು ಈ ಮಾರ್ಪಾಟು ಆದ ಮೇಲೆ. ಇನ್ನು ಆ ಬಕಾರ. ತಮಿಳರು ಇಟ್ಟ ಹೆಸರಾಗಿದ್ದರೆ ಅವರು ವಡುಗರಾಗಬೇಕಾಗಿತ್ತು. ಬಡಗ ಎಂಬುದು ಕನ್ನಡದ ಬಾಯಿಂದಲೇ ಹೊರಡತಕ್ಕ ರೂಪ. ಬಡಗಣವರು ಎಂದು ಅವರು ತಮ್ಮನ್ನು ತಾವೇ ಕರೆದುಕೊಂಡರು, ಇಲ್ಲವೇ ಅವರ ಮಾತನ್ನೇ ನೆರೆಯವರು ಹಿಡಿದರು.

ಇಲ್ಲೊಂದು ಎಚ್ಚರವೂ ಬೇಕು. ಬಡಗ ಎಂದು ಬರೆದಿರುವ ಕಡೆಯಲ್ಲೆಲ್ಲ ನೀಲಗಿರಿಯವರನ್ನು ಕಾಣಬಾರದು. ೧೫೪೪ರಲ್ಲಿ ಕನ್ಯಾಕುಮಾರಿಯ ಬಳಿಯ ಮುತ್ತಿನ ಕರಾವಳಿಯಿಂದ ಸಂತ ಫ್ರಾನ್ಸಿಸ್ ಕ್ಸೇವಿಯರರು ಬರೆದ ಕಾಗದಗಳಲ್ಲಿ ಬಡಗರೆಂಬವರು ಕುದುರೆಯೇರಿ ಬಂದು ಮೀನುಗಾರ ಪರವರನ್ನು ಸುಲಿದ ಸಂಗತಿ ಇದೆ. ಇವರು ವಿಜಯನಗರದ ಅಧೀನದ ದಂಡಾಳುಗಳು, ತಮಿಳರ ವಡುಗರು. ಪೋರ್ಚುಗೀಸರ ಲೇಖನಿಯಲ್ಲಿ ಬಕಾರವನ್ನು ಪಡೆದವರು. ಗೆಯ್ಮೆಯ ಬೆಟ್ಟದ ಒಕ್ಕಲಿಗೂ ಈ ಸವಾರರಿಗೂ ಹೆಸರಿನ ಹೊರತು ಬೇರೆ ನಂಟಿಲ್ಲ. ಕೊಡಗಿನಲ್ಲಿ ಬಡಗರಕೇರಿ ಎಂಬ ಊರಿದೆ. ಅಲ್ಲಿಯೂ ನೀಲಗಿರಿಯನ್ನು ಹುಡುಕುವುದು ವ್ಯರ್ಥ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ನೀಲಗಿರಿಗೆ ಬಂದ ಆಂಗ್ಲರು ಮಾಡಿದ್ದು ಇನ್ನೂ ವಿನೋದವಾಗಿದೆ. ಬಡಗ ಎಂಬುದು ಅವರ ಕಿವಿಗೆ ತಮ್ಮ ‘ಬರ್ಗರ್’ ಎಂಬ ಶಬ್ದದಂತೆ ಕೇಳಿಸಿ, ಪುಸ್ತಕಗಳಲ್ಲಿಯೂ ಹಾಗೆಯೇ ಬರೆದರು. ಬರ್ಗರ್ ಎಂದರೆ ಪಟ್ಟಣಿಗ! ರಾಗಿ, ಸಾಮೆ ಬೆಳೆಯುತ್ತಿದ್ದ ಹಟ್ಟಿಯವರು ಹೀಗೆ ಕೆಲವು ಕಾಲ ಪಟ್ಟಣಿಗರಾಗಿದ್ದರು. ಹೆಸರನ್ನು ಸರಿಯಾಗಿ ತಿಳಿದು ಬರೆದವರಲ್ಲಿ ಬಾಸೆಲ್ ಮಿಶನ್ನಿನ ಮೆಟ್ಸ್ ಒಬ್ಬರು. ನೀಲಗಿರಿಯ ಜನರನ್ನು ಕುರಿತ ಅವರ ಪುಸ್ತಕದ ಎರಡನೆಯ ಮುದ್ರಣ ೧೮೬೪ರಲ್ಲಿ ನಮ್ಮ ಮಂಗಳೂರಿನಲ್ಲಿಯೇ ಆಯಿತು.

ಇದು ಬರಿಯ ಪಾಂಡಿತ್ಯದ ಮಾತಲ್ಲ. ಬಡಗರು ಪರಿಶಿಷ್ಟ ಪಂಗಡಗಳ ಪಟ್ಟಿಯಲ್ಲಿ ತಮಗೆ ಸ್ಥಾನ ಬೇಕೆಂದು ಬಹುಕಾಲದಿಂದ ಕೇಳುತ್ತಿದ್ದಾರೆ. ಹೆಸರೇ ನಿಮ್ಮನ್ನು ಬಡಗಣಿಂದ ಬಂದವರೆನ್ನುತ್ತಿರುವಾಗ ನೀವು ಬೆಟ್ಟದ ಮೂಲದವರು ಹೇಗಾದೀರಿ ಎಂದು ಎದುರು ಪಕ್ಷ; ಈ ವಲಸೆಯ ಕತೆಯೇ ಸರಿಯಲ್ಲ, ನಾವು ಮೊದಲಿನಿಂದಲೂ ಇಲ್ಲಿಯವರೇ ಎಂದು ಬಡಗರಲ್ಲಿಯೇ ಕೆಲವರ ವಾದ. ಶಬ್ದವನ್ನು ಬಿಡಿಸಿ ನೋಡುವವನಿಗೆ ಇಬ್ಬರೂ ಅದರ ಮೇಲೆ ಹೊರಲಾರದ ಹೊರೆಯನ್ನು ಹೇರುತ್ತಿದ್ದಾರೆಂದು ಕಾಣುತ್ತದೆ. ಬಡಗ ಎಂಬುದು ಎತ್ತಣಿಂದ ಎಂಬುದನ್ನು ಹೇಳುತ್ತದೆ; ಎಂದು ಎಂಬುದನ್ನು ಹೇಳುವುದಿಲ್ಲ, ಯಾರಿಗೆ ಎಷ್ಟು ಹಕ್ಕು ಎಂಬುದನ್ನಂತೂ ಹೇಳುವುದೇ ಇಲ್ಲ. ನಾಲ್ಕು ನೂರು ವರ್ಷಗಳಿಗೂ ಮೀರಿ ಒಂದು ಬೆಟ್ಟವನ್ನು ಉತ್ತು ಬಿತ್ತಿದವರನ್ನು ಹೆಸರೊಂದರ ಆಧಾರದಿಂದ ನಿನ್ನೆ ಬಂದವರೆನ್ನುವುದು ನ್ಯಾಯವಲ್ಲ. ಹಾಗೆಂದು ಹಕ್ಕಿಗಾಗಿ ಹಕಾರ, ಬಕಾರಗಳ ಸಾಕ್ಷ್ಯವನ್ನು ಅಳಿಸಿಹಾಕುವುದೂ ಸಲ್ಲದು. ಹಕ್ಕಿನ ಪ್ರಶ್ನೆಯನ್ನು ಬಾಳಿನ ಸ್ಥಿತಿಗತಿಗಳನ್ನು ನೋಡಿ ತೀರ್ಮಾನಿಸತಕ್ಕದ್ದು. ಶಬ್ದಕೋಶವನ್ನು ನೋಡಿ ಅಲ್ಲ.

ಇನ್ನು ಮರಳಿ ಮಂಗಳೂರಿಗೆ ಬರೋಣ. ೧೭೯೯ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕರಾವಳಿಯ ಕನ್ನಡ ಜಿಲ್ಲೆ ಇಡಿಯಾಗಿ ಕುಂಪಣಿಯವರ ಕೈಗೆ ಬಂತು. ೧೮೬೨ರಲ್ಲಿ ಅದರ ಬಡಗಣ ಭಾಗವನ್ನು ಮುಂಬಯಿ ಆಧಿಪತ್ಯಕ್ಕೆ ಕೊಟ್ಟರು, ತೆ‌ಂಕಣ ಭಾಗವನ್ನು ಮದರಾಸಿಗೆ ಉಳಿಸಿದರು. ಉತ್ತರ ಕನ್ನಡ, ದಕ್ಷಿಣ ಕನ್ನಡ ಎಂಬ ಹೆಸರುಗಳು ಈ ಕತ್ತರಿಯ ಗುರುತುಗಳು. ಕನ್ನಡನಾಡಿನ ಪಟವನ್ನು ಮುಂದಿಟ್ಟು ನೋಡಿದರೆ ಮೈಸೂರು, ಚಾಮರಾಜನಗರಗಳು ದಕ್ಷಿಣ ಕನ್ನಡಕ್ಕಿಂತ ತೆಂಕಲಿಗಿವೆ. ಬೀದರ, ಕಲಬುರಗಿಗಳು ಉತ್ತರ ಕನ್ನಡಕ್ಕಿಂತ ಎಷ್ಟೋ ಬಡಗಲಿಗಿವೆ. ಪರಊರಿನವರು ಉತ್ತರ ಕನ್ನಡವನ್ನೂ ಉತ್ತರ ಕರ್ನಾಟಕವನ್ನೂ ಒಂದೇ ಎಂದು ತಿಳಿದು ಕಾರವಾರಕ್ಕೆ ಹೋಗುವ ಕಾಗದವನ್ನು ಧಾರವಾಡದ ಕಡೆಗೆ ತಿರುಗಿಸಿದರೆ ಅವರನ್ನು ಹಳಿಯುವಂತಿಲ್ಲ.

ಯಕ್ಷಗಾನದವರು ಈ ವಿಷಯದಲ್ಲಿ ಸರಕಾರಕ್ಕಿಂತ ಜಾಣರು. ಮಂಗಳೂರು, ಕಾಸರಗೋಡುಗಳ ಕಡೆಯದು ತೆಂಕುತಿಟ್ಟು. ಉಡುಪಿಯಿಂದ ಕುಂದಾಪುರದ ಕಡೆಗೆ ಹೋದಂತೆ ಬಡಗುತಿಟ್ಟು. ತೆಂಕಿನ ಚೆಂಡೆ ಕೇರಳದ ಚೆಂಡೆಯ ಬಗೆ, ಅದರ ವೇಷದಲ್ಲಿ ಕಿರೀಟದ ವೈಭವ. ಬಡಗಿನ ವೀರನಿಗೆ ಕೇದಗೆ ಮುಂದಲೆ. ಅದಕ್ಕೂ ಆಚೆ ಹೊನ್ನಾವರ, ಕುಮಟೆಗಳ ಕಡೆಯ ಆಟಕ್ಕೆ ಏನೆನ್ನಬೇಕು? ಬಡಾಬಡಗು ಎಂದರು! ಉತ್ತರೋತ್ತರ ಎಂಬ ಸಂಸ್ಕೃತದ ಮಾತಿಗೆ ಇದಕ್ಕಿಂತ ಚೊಕ್ಕವಾದ ಕನ್ನಡವನ್ನು ಯಾವ ಪಂಡಿತನು ಕಟ್ಟಿಯಾನು? ಪೂರ್ವ, ಪಶ್ಚಿಮಗಳು ನಮ್ಮ ಮಾತಿನಿಂದ ಮೂಡು, ಪಡುಗಳನ್ನು ನೂಕುತ್ತಿರುವ ಈ ದಿನಗಳಲ್ಲಿಯೂ ಬಡಗು ಎಂಬ ಮಾತು ಪಟ್ಟಣಿಗರ ನಾಲಗೆಯ ಮೇಲೆ ಉಳಿದಿರುವುದು ಹೆಚ್ಚಾಗಿ ರಂಗಸ್ಥಳದ ಕೃಪೆಯಿಂದ.

ಕೊನೆಯದಾಗಿ ಕುಂಬಳೆಯ ಮಾತು. ತೆಂಕುತಿಟ್ಟಿನ ಪ್ರಸಂಗಕರ್ತರಲ್ಲಿ ಹಿರಿಯನೆಂದು ಗೌರವಿಸುವ ಪಾರ್ತಿಸುಬ್ಬನು ಆ ಊರಿನವನು. ೧೯೫೬ರ ನವೆಂಬರ್ ೧ರಂದು ದಕ್ಷಿಣ ಕನ್ನಡವು ಮೈಸೂರು ರಾಜ್ಯಕ್ಕೆ ಬಂದಾಗ ಕಾಸರಗೋಡು ತಾಲೂಕು ಕೇರಳಕ್ಕೆ ಹೋಯಿತು. ಕುಂಬಳೆಯೂ ಅದರೊಡನೆ ಹೋಯಿತು. ಅಲ್ಲಿಯ ಕನ್ನಡಿಗರು ಆ ದಿನದವರೆಗೆ ತಮ್ಮ ಜಿಲ್ಲೆಯ ತೆಂಕಣ ತುದಿಯವರಾಗಿದ್ದರು. ಮರುದಿನದಿಂದ ತಮ್ಮ ರಾಜ್ಯದ ಬಡಗಣ ತುದಿಯವರಾದರು. ತಿರುವನಂತಪುರದ ಕಚೇರಿಗೆ ಅವರು ವಡಕ್ಕಿನವರು. ಮಳೆ ನಿಂತು ಆಟಗಳು ಹೊರಟೊಡನೆ ಮಂಗಳೂರಿನವರು ಮಾತ್ರ ಎಂದಿನಂತೆ, ತೆಂಕಿನ ಮೇಳ ಬಂತು ಎನ್ನುತ್ತಾರೆ.